ಚೀಟಿಯ ಕೊನೆಯ ಸಾಲು

ಚಿಕ್ಕೋಡಿ, ರಾಯಬಾಗ ಕಡೆಯ ಸಕ್ಕರೆ ಕಾಯಿಲೆಯವರ ಔಷಧ ಚೀಟಿಗಳನ್ನು ನೋಡಿದರೆ ಅವುಗಳಲ್ಲೊಂದು ಕ್ರಮ ಕಾಣುತ್ತದೆ. ಮೇಲೆ ಮೆಟ್‌ಫಾರ್ಮಿನ್, ಅದರ ಬೆನ್ನಿಗೆ ಗ್ಲಿಮೆಪಿರೈಡ್, ಆಮೇಲೆ ಬಿ.ಪಿ.ಯದೊಂದು, ಕೊಲೆಸ್ಟ್ರಾಲಿನದೊಂದು. ಎಷ್ಟೋ ಚೀಟಿಗಳಲ್ಲಿ ಕೊನೆಗೆ ಇನ್ನೊಂದು ಸಾಲು ಇರುತ್ತದೆ: ‘ಇಕೋಸ್ಪ್ರಿನ್ 75, ಊಟ ಆದಮೇಲೆ’. ಮೆಡಿಕಲ್ ಅಂಗಡಿಯಲ್ಲಿ ಇದನ್ನು ‘ರಕ್ತ ತೆಳು ಮಾಡೋ ಗುಳಿಗಿ’ ಅಂತಲೇ ಕೇಳುತ್ತಾರೆ. ಒಳಗಿರುವುದು ಆಸ್ಪಿರಿನ್. ಗುಳಿಗೆ ಸಣ್ಣದು, ಅಗ್ಗದ್ದು. ಹಳೇ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಒಯ್ಯುವವರಿದ್ದಾರೆ.

ಇವರಲ್ಲಿ ಕೆಲವರಿಗೆ ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ಕೆಲವರಿಗೆ ಸ್ಟೆಂಟ್ ಹಾಕಿದ್ದಾರೆ, ಕೆಲವರಿಗೆ ಪಾರ್ಶ್ವವಾಯು ಹೊಡೆದು ಹೋಗಿದೆ. ಅವರ ಮಟ್ಟಿಗೆ ಈ ಸಾಲಿನ ಬಗ್ಗೆ ತಕರಾರಿಲ್ಲ. ಹೃದಯದ ಗೊಡವೆಯೇ ಇಲ್ಲದೆ ಬರೀ ಶುಗರ್ ಇರುವವರ ಚೀಟಿಯಲ್ಲೂ ಅದೇ ಸಾಲು ಬಂದಾಗ ಪ್ರಶ್ನೆ ಏಳುತ್ತದೆ. ಇದನ್ನು ಮೊದಲು ಬರೆದವರು ಯಾರು? ಯಾವ ಲೆಕ್ಕ ಹಿಡಿದು ಬರೆದರು? ಉತ್ತರ ಹಳೆಯ ವೈದ್ಯಕೀಯ ಪತ್ರಿಕೆಗಳ ಕೋಷ್ಟಕಗಳಲ್ಲಿ ಚದುರಿಬಿದ್ದಿದೆ. ಅದನ್ನು ಹಿಂದಿನಿಂದ ಮುಂದಕ್ಕೆ ಓದುವುದಕ್ಕಿಂತ ಚೀಟಿಯಿಂದ ಹಿಂದಕ್ಕೆ ನಡೆದರೆ ಹೆಚ್ಚು ತಿಳಿಯುತ್ತದೆ.

ಮೊದಲ ನಿಲುಗಡೆ 1997ರ ನವೆಂಬರ್. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ತನ್ನ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ಆಸ್ಪಿರಿನ್ ಕುರಿತು ಒಂದು ನಿಲುವು ಪ್ರಕಟಿಸಿತು. ಹೃದಯ ಕಾಯಿಲೆ ಈಗಾಗಲೇ ಇರುವ ಮಧುಮೇಹಿಗಳಿಗೆ ಕೊಡಿ ಎಂದಿತು. ಜೊತೆಗೆ, ಕಾಯಿಲೆ ಇನ್ನೂ ಕಾಣಿಸಿಕೊಳ್ಳದ ಆದರೆ ಅಪಾಯ ಹೆಚ್ಚಿರುವ ಮಧುಮೇಹಿಗಳಿಗೂ ಕೊಡುವುದನ್ನು ಯೋಚಿಸಿ ಎಂದಿತು. ಅಪಾಯ ಹೆಚ್ಚಿರುವವರು ಯಾರು? ಬಿ.ಪಿ. ಇರುವವರು, ತೂಕ ಜಾಸ್ತಿಯಾದವರು, ಸಿಗರೇಟು ಸೇದುವವರು, ಕೊಲೆಸ್ಟ್ರಾಲ್ ಏರಿದವರು. ನಲವತ್ತು ದಾಟಿದ ಮಧುಮೇಹಿಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲದವರನ್ನು ಹುಡುಕಬೇಕಾದೀತು. ಹೀಗೆ ‘ಯೋಚಿಸಿ’ ಎಂದದ್ದು ದವಾಖಾನೆಯ ಟೇಬಲ್ಲಿಗೆ ಬರುವಷ್ಟರಲ್ಲಿ ‘ಎಲ್ಲರಿಗೂ ಬರೆಯಿರಿ’ ಎಂದಾಯಿತು.

ಮರುವರ್ಷ ಇದಕ್ಕೆ ಬಲ ಕೊಟ್ಟದ್ದು ಫಿನ್ಲೆಂಡಿನಿಂದ ಬಂದ ಒಂದು ಅಧ್ಯಯನ. 1998ರ ‘ನ್ಯೂ ಇಂಗ್ಲೆಂಡ್ ಜರ್ನಲ್’ನಲ್ಲಿ ಸ್ಟೀವನ್ ಹಾಫ್ನರ್ ಮತ್ತು ಸಂಗಡಿಗರು 1,059 ಮಧುಮೇಹಿಗಳನ್ನೂ 1,373 ಮಧುಮೇಹ ಇಲ್ಲದವರನ್ನೂ ಏಳು ವರ್ಷ ಗಮನಿಸಿದ ಲೆಕ್ಕ ಕೊಟ್ಟರು. ಮಧುಮೇಹವಿಲ್ಲದ, ಆದರೆ ಒಮ್ಮೆ ಹೃದಯಾಘಾತ ಆಗಿದ್ದವರಲ್ಲಿ ಶೇ. 18.8 ಜನಕ್ಕೆ ಮತ್ತೆ ಆಘಾತವಾಗಿತ್ತು. ಯಾವ ಆಘಾತವೂ ಆಗಿರದ ಮಧುಮೇಹಿಗಳಲ್ಲಿ ಶೇ. 20.2 ಜನಕ್ಕೆ ಆಗಿತ್ತು. ಅಂದರೆ ಶುಗರ್ ಬಂತು ಎಂದರೆ ಒಂದು ಅಟ್ಯಾಕ್ ಆದಂತೆಯೇ ಲೆಕ್ಕ ಎಂಬ ಮಾತು ಹುಟ್ಟಿತು. ವೈದ್ಯರ ಸಮ್ಮೇಳನಗಳಲ್ಲಿ ಇದರಷ್ಟು ಬೇಗ ಹಬ್ಬಿದ ಮಾತು ಕಡಿಮೆ. ಅಟ್ಯಾಕ್ ಆದವರಿಗೆ ಆಸ್ಪಿರಿನ್ ಕೊಡುತ್ತೇವಲ್ಲ, ಹಾಗಾದರೆ ಇವರಿಗೇಕೆ ಬೇಡ? ತರ್ಕ ಸರಳವಾಗಿತ್ತು, ಬುಡ ಮಾತ್ರ ಗಟ್ಟಿಯಿರಲಿಲ್ಲ. 2009ರಲ್ಲಿ 13 ಅಧ್ಯಯನಗಳ 45,108 ಜನರ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಆಘಾತ ಆಗಿರದ ಮಧುಮೇಹಿಗಳ ಅಪಾಯ ಆಘಾತವಾದವರಿಗಿಂತ ಶೇ. 43ರಷ್ಟು ಕಡಿಮೆ ಎಂದು ಕಂಡಿತು. ಅಷ್ಟರಲ್ಲಿ ಚೀಟಿಗಳು ಬರೆದಾಗಿದ್ದವು.

1997ರ ನಿಲುವು ಆಧಾರವಾಗಿ ಹಿಡಿದ ಪ್ರಯೋಗಗಳಲ್ಲಿ ಮುಖ್ಯವಾದದ್ದು ಅಮೆರಿಕದ 22,071 ಗಂಡಸು ಡಾಕ್ಟರುಗಳು ತಾವೇ ಗುಳಿಗೆ ನುಂಗಿದ ಪ್ರಯೋಗ. ಅವರಲ್ಲಿ ಅರ್ಧ ಜನ ದಿನ ಬಿಟ್ಟು ದಿನ 325 ಮಿಲಿಗ್ರಾಂ ಆಸ್ಪಿರಿನ್ ನುಂಗಿದರು, ಉಳಿದರ್ಧ ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದರು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ ಶೇ. 44ರಷ್ಟು ಇಳಿಯಿತೆಂದು 1988ರಲ್ಲಿ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು, ಪೂರ್ಣ ವರದಿ 1989ರಲ್ಲಿ ಬಂತು. ವರದಿಯ ಕೋಷ್ಟಕವೊಂದರಲ್ಲಿ ಮಧುಮೇಹಿ ಡಾಕ್ಟರುಗಳ ಲೆಕ್ಕ ಬೇರೆಯಾಗಿದೆ. ಇಡೀ ಇಪ್ಪತ್ತೆರಡು ಸಾವಿರದಲ್ಲಿ ಅವರು 533 ಮಂದಿ. ಆಸ್ಪಿರಿನ್ ಪಡೆದ 275 ಜನರಲ್ಲಿ 11 ಹೃದಯಾಘಾತ, ಹುಸಿ ಗುಳಿಗೆಯ 258 ಜನರಲ್ಲಿ 26. ಚಿಕ್ಕೋಡಿಯ ಚೀಟಿಯ ಕೊನೆಯ ಸಾಲಿನ ಬೇರು ಬಹುಮಟ್ಟಿಗೆ ಈ 11 ಮತ್ತು 26ರಲ್ಲಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಬಳಕೆಗೆ ಬರುವ ಮೊದಲಿನ ಕಾಲ, ಆರೋಗ್ಯವಾಗಿದ್ದ, ತಮ್ಮ ನಾಡಿ ತಾವೇ ನೋಡಿಕೊಳ್ಳಬಲ್ಲ ಅಮೆರಿಕನ್ ಡಾಕ್ಟರುಗಳು.

ದೊಡ್ಡ ಪ್ರಯೋಗದ ಒಳಗಿನ ಸಣ್ಣ ಗುಂಪನ್ನು ಹೆಕ್ಕಿ ತೀರ್ಮಾನಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಆಸ್ಪಿರಿನ್ನಿನದೇ ಇನ್ನೊಂದು ಪ್ರಯೋಗ ಸಾಕ್ಷಿ ಹೇಳುತ್ತದೆ. 1988ರ ಐಸಿಸ್-2. ಹೃದಯಾಘಾತವಾಗಿ ಆಗಷ್ಟೇ ಆಸ್ಪತ್ರೆಗೆ ಬಂದ 17,187 ಜನ, 417 ಆಸ್ಪತ್ರೆ. ಒಂದು ತಿಂಗಳು ಆಸ್ಪಿರಿನ್ ಕೊಟ್ಟದ್ದಕ್ಕೆ ಸಾವು ಶೇ. 23ರಷ್ಟು ತಗ್ಗಿತು. ವಯಸ್ಸು, ಲಿಂಗ ಹೀಗೆ ಗುಂಪು ಗುಂಪಾಗಿ ಒಡೆದು ತೋರಿಸಿ ಎಂದು ಪತ್ರಿಕೆಯವರು ಕೇಳಿದಾಗ ಆಕ್ಸ್‌ಫರ್ಡಿನ ಸಂಶೋಧಕರು ತುಸು ಕುಚೋದ್ಯದಿಂದ ರಾಶಿಗಳ ಪ್ರಕಾರವೂ ಒಡೆದು ಕೊಟ್ಟರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಲಾಭವಿಲ್ಲ, ತುಸು ನಷ್ಟವೇ ಎಂದು ಲೆಕ್ಕ ತೋರಿಸಿತು! (ಅದು ಹುಟ್ಟಿದ ತಾರೀಕಿನ ಪಾಶ್ಚಾತ್ಯ ರಾಶಿ, ನಮ್ಮ ಪಂಚಾಂಗದ ಜನ್ಮರಾಶಿಯಲ್ಲ. ನಮ್ಮದನ್ನು ಹಾಕಿದ್ದರೆ ಬೇರೆ ಯಾರೋ ಬಲಿಯಾಗುತ್ತಿದ್ದರು.) ಗುಂಪು ಸಣ್ಣದಾದಷ್ಟೂ ಆಕಸ್ಮಿಕ ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಕೊಟ್ಟಿಲ್ಲ. 533 ಜನರ ಕೋಷ್ಟಕವನ್ನು ಓದುವಾಗ ನನಗೆ ತುಲಾ ರಾಶಿಯವರೇ ನೆನಪಾಗುತ್ತಾರೆ.

ಇಷ್ಟಕ್ಕೂ ಈ ಗುಳಿಗೆ ಒಳಗೆ ಮಾಡುವುದಾದರೂ ಏನು? ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಲ್ಲಿ ಒಂದು ಕಿಣ್ವವಿದೆ. ಆಸ್ಪಿರಿನ್ ಅದನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ಹಾಗಾಗಿ ಅದು ಬದುಕಿರುವ ಏಳರಿಂದ ಹತ್ತು ದಿನವೂ ನಿಷ್ಕ್ರಿಯವಾಗಿಯೇ ಉಳಿಯುತ್ತದೆ. ಅದಕ್ಕೇ ದಿನಕ್ಕೆ 75 ಮಿಲಿಗ್ರಾಂನಷ್ಟು ಚೂರು ಸಾಕಾಗುತ್ತದೆ. ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಆದರೆ ಅದೇ ಕಿಣ್ವ ಜಠರದ ಒಳಗೋಡೆಯನ್ನೂ ಕಾಯುತ್ತದೆ. ಹೃದಯದ ನಾಳದಲ್ಲಿ ಹೆಪ್ಪು ತಡೆಯುವ ಕೆಲಸ ಮತ್ತು ಹೊಟ್ಟೆಯಲ್ಲಿ ಹುಣ್ಣು ತರುವ ಕೆಲಸ ಎರಡೂ ಒಂದೇ ಕೈಯದು. ಮೇಲೆ ಲೇಪ ಹಚ್ಚಿದ ಗುಳಿಗೆ ಹೊಟ್ಟೆಗೆ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲೇಪವಿದ್ದರೂ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚುಕಡಿಮೆ ಅಷ್ಟೇ ಎಂದು 1996ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಬಂದಿದೆ. ಆಸ್ಪಿರಿನ್ ರಕ್ತಕ್ಕೆ ಸೇರಿದ ಮೇಲೆ ಲೇಪಕ್ಕೆ ಏನು ಕೆಲಸ?

ಮಧುಮೇಹಿಗಳ ಮೇಲೆಯೇ ನಡೆದ ಪ್ರಯೋಗಗಳ ಫಲ 2008ರಲ್ಲಿ ಒಟ್ಟೊಟ್ಟಿಗೆ ಬಂತು. ಜಪಾನಿನ ಜೆಪ್ಯಾಡ್‌ನಲ್ಲಿ 2,539 ಜನ. ನಾಳಗಳಿಗೆ ಸಂಬಂಧಿಸಿದ ಆಘಾತಗಳು ಆಸ್ಪಿರಿನ್ ಗುಂಪಿನಲ್ಲಿ 68, ಉಳಿದವರಲ್ಲಿ 86. ವ್ಯತ್ಯಾಸವಿದೆ, ಆದರೆ ಆಕಸ್ಮಿಕವಲ್ಲ ಎಂದು ಹೇಳುವಷ್ಟಿಲ್ಲ. ಸ್ಕಾಟ್ಲೆಂಡಿನ ಪೋಪ್‌ಡ್ಯಾಡ್‌ನಲ್ಲಿ ಕಾಲಿನ ರಕ್ತನಾಳ ಆಗಲೇ ಕಿರಿದಾಗತೊಡಗಿದ್ದ 1,276 ಮಧುಮೇಹಿಗಳಿದ್ದರು. ಆಸ್ಪಿರಿನ್ ಪಡೆದ 638 ಜನರಲ್ಲಿ 116 ಘಟನೆ, ಪಡೆಯದ 638 ಜನರಲ್ಲಿ 117. ಅಷ್ಟು ವರ್ಷಗಳ ಶ್ರಮಕ್ಕೆ ಒಂದರ ಅಂತರ. ಅಮೆರಿಕದವರು 2010ರಲ್ಲಿ ನಿಲುವನ್ನು ಬಿಗಿ ಮಾಡಿ, ಐವತ್ತು ದಾಟಿದ ಗಂಡಸರು, ಅರವತ್ತು ದಾಟಿದ ಹೆಂಗಸರು, ಅದರಲ್ಲೂ ಬೇರೊಂದು ಅಪಾಯವಿದ್ದವರು ಎಂದು ಗೆರೆ ಎಳೆದರು. ನಮ್ಮ ಕಡೆ ಆ ಗೆರೆ ಬಂದು ತಲುಪಿದ್ದರ ಗುರುತು ಚೀಟಿಗಳಲ್ಲಿ ನನಗೆ ಕಾಣಲಿಲ್ಲ.

ತೀರ್ಪಿಗೆ ಹತ್ತಿರದ ಮಾತು ಬಂದದ್ದು 2018ರ ಆಗಸ್ಟ್‌ನಲ್ಲಿ. ಆಕ್ಸ್‌ಫರ್ಡಿನ ಅಸೆಂಡ್ ಪ್ರಯೋಗ. ಹೃದಯ ಕಾಯಿಲೆ ಕಾಣಿಸಿಕೊಳ್ಳದ 15,480 ಮಧುಮೇಹಿಗಳು, ಬಹುತೇಕ ಟೈಪ್ 2. ಗುಳಿಗೆಗಳನ್ನೂ ಪ್ರಶ್ನಾವಳಿಗಳನ್ನೂ ಅಂಚೆಯಲ್ಲಿ ಕಳಿಸಿ ಸರಾಸರಿ 7.4 ವರ್ಷ ನಡೆಸಿದ ಕೆಲಸ. ದಿನಕ್ಕೆ 100 ಮಿಲಿಗ್ರಾಂ. ಮುಕ್ಕಾಲು ಪಾಲು ಜನ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರು, ಅಂದರೆ ಇಂದಿನ ಚಿಕಿತ್ಸೆಗೆ ಹೋಲುವ ಪರಿಸ್ಥಿತಿ. ಗಂಭೀರ ಹೃದಯ-ನಾಳದ ಘಟನೆ ಆಸ್ಪಿರಿನ್ ಗುಂಪಿನಲ್ಲಿ ಶೇ. 8.5, ಹುಸಿ ಗುಳಿಗೆಯಲ್ಲಿ ಶೇ. 9.6. ದೊಡ್ಡ ರಕ್ತಸ್ರಾವ ಅನುಕ್ರಮವಾಗಿ ಶೇ. 4.1 ಮತ್ತು 3.2.

ಈ ಶೇಕಡಾಗಳನ್ನು ನಮ್ಮೂರಿನ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. ಹೃದಯ ನೆಟ್ಟಗಿರುವ ಸಾವಿರ ಶುಗರ್ ರೋಗಿಗಳ ಒಂದು ಊರು ಎಂದಿಟ್ಟುಕೊಳ್ಳಿ. ಎಲ್ಲರಿಗೂ ಏಳು ವರ್ಷ ಚಿಲ್ಲರೆ ದಿನಾ ಗುಳಿಗೆ ಕೊಟ್ಟರೆ ಹನ್ನೊಂದು ಜನ ಅಟ್ಯಾಕಿನಿಂದಲೋ ಪಾರ್ಶ್ವವಾಯುವಿನಿಂದಲೋ ತಪ್ಪಿಸಿಕೊಳ್ಳುತ್ತಾರೆ. ಒಂಬತ್ತು ಜನ, ಗುಳಿಗೆ ನುಂಗದಿದ್ದರೆ ಆಗದಿದ್ದ ದೊಡ್ಡ ರಕ್ತಸ್ರಾವಕ್ಕೆ ಸಿಗುತ್ತಾರೆ. ಉಳಿದ ಒಂಬೈನೂರ ಎಂಬತ್ತು ಜನಕ್ಕೆ ನುಂಗಿದ್ದರಿಂದ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಆ ರಕ್ತಸ್ರಾವಗಳಲ್ಲಿ ಐದರಲ್ಲಿ ಎರಡು ಪಾಲು ಹೊಟ್ಟೆ-ಕರುಳಿನವು. ಕಣ್ಣಿನವು, ತಲೆಯೊಳಗಿನವು ಸಹ ಇದ್ದವು. ಅಟ್ಯಾಕ್ ಮತ್ತು ರಕ್ತಸ್ರಾವ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಹುದೇ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ. ಆದರೆ ರಕ್ತಸ್ರಾವವಾದ ರಾತ್ರಿ ಅಥಣಿಯ ಒಳಹಳ್ಳಿಯಿಂದ ರಕ್ತ ಸಿಗುವ ಆಸ್ಪತ್ರೆಗೆ ಹೋಗುವ ದಾರಿ ಇಂಗ್ಲೆಂಡಿನದಲ್ಲ ಎಂಬುದನ್ನೂ ಆ ತಕ್ಕಡಿಗೆ ಹಾಕಬೇಕು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಸ್ಪ್ರೀ ಬಂತು. ಆಸ್ಟ್ರೇಲಿಯಾ, ಅಮೆರಿಕದ 19,114 ವೃದ್ಧರು, ಹೆಚ್ಚಿನವರು ಎಪ್ಪತ್ತು ದಾಟಿದವರು. ಹೃದಯಕ್ಕೆ ಲಾಭ ಕಾಣಲಿಲ್ಲ. ರಕ್ತಸ್ರಾವ ಶೇ. 2.8ರಿಂದ 3.8ಕ್ಕೆ ಏರಿತು. ಎಪ್ಪತ್ತು ದಾಟಿದವರಿಗೆ ಹೊಸದಾಗಿ ಶುರುಮಾಡುವುದು ಬೇಡ ಎಂಬ ಮಾತಿಗೆ ಆಮೇಲೆ ಹೆಚ್ಚು ಎದುರು ಬರಲಿಲ್ಲ. ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಅರವತ್ತಕ್ಕೇ ಗೆರೆ ಎಳೆಯಿತು.

ಇವೆಲ್ಲ ಪರದೇಶದವರ ಮೈ. ಕೃಷ್ಣಾ ತೀರದವರ ಮೈಗೆ ಒಪ್ಪುತ್ತದೆಯೇ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಬೆಂಗಳೂರಿಗೆ ಬರುತ್ತೇವೆ. ಟಿಪ್ಸ್-3 ಎಂಬ ಪ್ರಯೋಗವನ್ನು ಕೆನಡಾದ ಸಲೀಂ ಯೂಸುಫ್ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್, ಡೆನಿಸ್ ಝೇವಿಯರ್ ಮುಂತಾದವರು ನಡೆಸಿದರು. ಯೂಸುಫ್ ಸ್ವತಃ ಸೇಂಟ್ ಜಾನ್ಸ್‌ನಲ್ಲಿ ಓದಿದವರು, ಮೇಲೆ ಹೇಳಿದ ಐಸಿಸ್-2ರ ಬಳಗದಲ್ಲೂ ಇದ್ದವರು. ಒಂಬತ್ತು ದೇಶ, 5,713 ಜನ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾರತೀಯರು. ಅರ್ಧಕ್ಕಿಂತ ಹೆಚ್ಚು ಹೆಂಗಸರು. 75 ಮಿಲಿಗ್ರಾಂ ಆಸ್ಪಿರಿನ್, ನಮ್ಮ ಚೀಟಿಯ ಅಳತೆಯೇ. ಫಲ 2021ರಲ್ಲಿ ಅಚ್ಚಾಯಿತು: ಆಸ್ಪಿರಿನ್ ಒಂದನ್ನೇ ನೋಡಿದರೆ ಹೃದಯ-ನಾಳದ ಘಟನೆ ಶೇ. 4.1ಕ್ಕೆ ಎದುರು 4.7, ಖಚಿತವೆನ್ನಲಾಗದ ವ್ಯತ್ಯಾಸ. ಬಿ.ಪಿ.ಯ ಮೂರು ಔಷಧ ಮತ್ತು ಒಂದು ಸ್ಟ್ಯಾಟಿನ್ ಸೇರಿಸಿದ ‘ಪಾಲಿಪಿಲ್’ ಜೊತೆಗೆ ಆಸ್ಪಿರಿನ್ ಕೊಟ್ಟಾಗ ಮಾತ್ರ 5.8 ಇದ್ದದ್ದು 4.1ಕ್ಕೆ ಇಳಿಯಿತು. ದೊಡ್ಡ ರಕ್ತಸ್ರಾವ ಹೆಚ್ಚಲಿಲ್ಲ. ಆದರೆ ರಕ್ತಸ್ರಾವದ ಭಯ ಇರುವವರನ್ನು ಅವರು ಮೊದಲೇ ಹೊರಗಿಟ್ಟಿದ್ದರು. ಆಸ್ಪಿರಿನ್ ಪರ ಇರುವವರು ಈ ಕೊನೆಯ ವಾಕ್ಯವನ್ನು ಬಿಟ್ಟು ಓದುತ್ತಾರೆ, ವಿರೋಧಿಗಳು ಅದರ ಹಿಂದಿನದನ್ನು.

ಬೆಳಗಾವಿ ಜಿಲ್ಲೆಯ ಹಳ್ಳಿಗಳು ಸಣ್ಣ ಪ್ರಮಾಣದ ಆಸ್ಪಿರಿನ್ನಿನ ಚರಿತ್ರೆಗೆ ಸೇರಿದ್ದು ಮಾತ್ರ ಬೇರೆ ಬಾಗಿಲಿನಿಂದ. ಚೊಚ್ಚಲ ಬಸುರಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಕೊಟ್ಟರೆ ದಿನ ತುಂಬುವ ಮೊದಲಿನ ಹೆರಿಗೆ ತಪ್ಪೀತೇ ಎಂದು ಆರು ದೇಶಗಳಲ್ಲಿ 11,976 ಹೆಣ್ಣುಮಕ್ಕಳ ಮೇಲೆ 2016ರಿಂದ ಪ್ರಯೋಗ ನಡೆಯಿತು. ಭಾರತದ ಎರಡು ಕೇಂದ್ರಗಳು ನಾಗಪುರ ಮತ್ತು ಬೆಳಗಾವಿ. ಬೆಳಗಾವಿಯಲ್ಲಿ ಕೆಎಲ್‌ಇಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಶಿವಪ್ರಸಾದ ಗೌಡರ ಅವರ ತಂಡ. 2020ರ ಜನವರಿಯ ‘ಲ್ಯಾನ್ಸೆಟ್’ನಲ್ಲಿ ಫಲ ಬಂತು: ಅವಧಿಪೂರ್ವ ಹೆರಿಗೆ ಶೇ. 13.1ರಿಂದ 11.6ಕ್ಕೆ ಇಳಿದಿತ್ತು. ಹಳ್ಳಿಯ ಹೆಣ್ಣುಮಕ್ಕಳು ದಿನಾ ಗುಳಿಗೆ ನುಂಗಿ, ಲೆಕ್ಕ ಕೊಟ್ಟು, ಜಗತ್ತಿಗೆ ಒಂದು ಉತ್ತರ ಒದಗಿಸಿದರು. ಇಂಥ ಪ್ರಯೋಗ ನಮ್ಮ ಜಿಲ್ಲೆಯಲ್ಲಿ ಆಗುವುದಿಲ್ಲ ಎಂದು ಹೇಳುವಂತಿಲ್ಲ. ಶುಗರ್ ಇರುವವರ ಮೇಲೂ ಮಾಡಬಹುದು.

ಇನ್ನೊಂದು ಕಡೆಯ ಕಡತವೂ ಇದೆ, ಅದು ಹೆಚ್ಚು ನೋಯಿಸುತ್ತದೆ. 17 ದೇಶಗಳ ಪ್ಯೂರ್ ಅಧ್ಯಯನ 2011ರಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿಹೋದವರಲ್ಲಿ ಎಷ್ಟು ಜನ ಆಸ್ಪಿರಿನ್‌ನಂಥ ಔಷಧ ತೆಗೆದುಕೊಳ್ಳುತ್ತಿದ್ದಾರೆ ಎಂದು ನೋಡಿತು. ಸಿರಿವಂತ ದೇಶಗಳಲ್ಲಿ ಶೇ. 62. ಭಾರತವೂ ಸೇರಿದ ಬಡ ದೇಶಗಳ ಗುಂಪಿನಲ್ಲಿ ಶೇ. 8.8. ಆಘಾತವಾದವರಿಗೆ ಆಸ್ಪಿರಿನ್‌ನಿಂದ ಆಗುವ ಲಾಭ ಸಣ್ಣದಲ್ಲ: ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿದ 2009ರ ಲೆಕ್ಕದಲ್ಲಿ ಅಂಥವರಲ್ಲಿ ವರ್ಷಕ್ಕೆ ಶೇ. 8.2 ಇದ್ದ ಅಪಾಯ 6.7ಕ್ಕೆ ಇಳಿದಿದೆ. ಆಘಾತ ಆಗದವರಲ್ಲಿ ಇಳಿದದ್ದು 0.57ರಿಂದ 0.51ಕ್ಕೆ. ಬೇಕಾದವರಿಗೆ ಸಿಗದೆ, ಬೇಕೋ ಬೇಡವೋ ತಿಳಿಯದವರ ಚೀಟಿಯಲ್ಲಿ ಕೂತಿರುವ ಗುಳಿಗೆ ಇದು.

ಗಡಿ ತಾಲೂಕುಗಳಲ್ಲಿ ಈ ಗೊಂದಲಕ್ಕೆ ಮತ್ತೊಂದು ಕಾರಣ ಸೇರುತ್ತದೆ. ಕಾಗವಾಡ, ಉಗಾರ, ಅಥಣಿಯವರು ಮಿರಜಿಗೆ ಹೋಗುತ್ತಾರೆ. ವಾನ್ಲೆಸ್ ಮಿಶನ್ ಆಸ್ಪತ್ರೆಯ ಕಾಲದಿಂದ, ಅಂದರೆ 1894ರಿಂದ, ಅದು ನಡೆದುಬಂದ ದಾರಿ. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಚಿಕ್ಕೋಡಿಯವರಿಗೆ ಬೆಳಗಾವಿ. ಸ್ಟೆಂಟ್ ಹಾಕಿದ ಕಾಗದ ಒಂದು ರಾಜ್ಯದ ಆಸ್ಪತ್ರೆಯಲ್ಲಿ, ಶುಗರ್ ನೋಡುವ ಡಾಕ್ಟರು ಇನ್ನೊಂದು ರಾಜ್ಯದಲ್ಲಿ. ಮರಾಠಿ ಫೈಲು ಮನೆಯ ಟ್ರಂಕಿನಲ್ಲಿ. ಹೀಗಾಗಿ ಹೊಸ ಡಾಕ್ಟರು ಗುಳಿಗೆಯನ್ನು ನಿಲ್ಲಿಸಲೂ ಹೆದರುತ್ತಾರೆ, ಏಕೆ ಬರೆದಿತ್ತೆಂದು ಕೇಳಲೂ ಪುರುಸೊತ್ತಿರುವುದಿಲ್ಲ. ಮೇಲಾಗಿ ಆಸ್ಪಿರಿನ್ ಒಂಟಿಯಾಗಿಯೇ ಬರಬೇಕೆಂದಿಲ್ಲ. ‘ಎವಿ’ ಎಂದು ಬರೆದ ಕ್ಯಾಪ್ಸೂಲಿನಲ್ಲಿ ಕೊಲೆಸ್ಟ್ರಾಲಿನ ಔಷಧದ ಜೊತೆ ಅದೂ ಇರುತ್ತದೆ. ಕಬ್ಬು ಕಡಿದು ಬಂದು ಮೈಕೈ ನೋವಿಗೆಂದು ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೇಳಿ ನುಂಗುವವರು ಆಸ್ಪಿರಿನ್ ಮೇಲೆ ಅದನ್ನೂ ಏರಿಸಿಕೊಂಡರೆ ಹೊಟ್ಟೆಗೆ ಎರಡು ಪೆಟ್ಟು.

ಹೃದಯಕ್ಕೆ ನಿಜಕ್ಕೂ ಹೆದರುವವರು ನೋಡಬೇಕಾದ ಕೋಷ್ಟಕ ಬೇರೆಯದೇ. 52 ದೇಶಗಳ 27 ಸಾವಿರ ಜನರ ಮಾಹಿತಿಯಿಂದ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ತಂಬಾಕಿನ ಲೆಕ್ಕ ಅದು: ಬೀಡಿ ಸೇದುವವರಿಗೆ ಹೃದಯಾಘಾತದ ಸಾಧ್ಯತೆ 2.89 ಪಟ್ಟು, ತಂಬಾಕು ಜಗಿಯುವವರಿಗೆ 2.23 ಪಟ್ಟು, ಸೇದಿ ಜಗಿಯುವವರಿಗೆ 4.09 ಪಟ್ಟು. ನಿಪ್ಪಾಣಿ ಬೀಡಿ ತಂಬಾಕಿನ ಊರು. ಅಸೆಂಡ್‌ನಲ್ಲಿ ಆಸ್ಪಿರಿನ್ ಕೊಟ್ಟದ್ದು ಶೇ. 12ರ ಇಳಿತ, ಅದೂ ರಕ್ತಸ್ರಾವದ ಬೆಲೆಗೆ. ಬೀಡಿ ತುದಿ ನೆಲಕ್ಕೊರೆಸಿ, ಮೇಲೆ ಒಂದು ಇಕೋಸ್ಪ್ರಿನ್ ನುಂಗುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಹಾಗಾದರೆ ನನ್ನ ತೀರ್ಮಾನ? ಆಘಾತ, ಪಾರ್ಶ್ವವಾಯು, ಸ್ಟೆಂಟ್, ಬೈಪಾಸ್ ಯಾವುದೂ ಆಗಿಲ್ಲದ ಮಧುಮೇಹಿಗೆ ಆಸ್ಪಿರಿನ್ ರೂಢಿಯ ಸಾಲಾಗಿ ಬರೆಯುವಂಥದ್ದಲ್ಲ. ಅಪಾಯ ಬಹಳ ಇದ್ದು, ವಯಸ್ಸು ಎಪ್ಪತ್ತರೊಳಗಿದ್ದು, ಹುಣ್ಣಿನ ಹಿಸ್ಟರಿ ಇಲ್ಲದೆ, ಬಿ.ಪಿ. ಹಿಡಿತದಲ್ಲಿದ್ದು, ಕಿಡ್ನಿ ಸರಿಯಿದ್ದವರಿಗೆ ಡಾಕ್ಟರು ಕೂತು ಮಾತಾಡಿ ಕೊಡಬಹುದು. ಈಗಿನ ಅಮೆರಿಕದ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳುತ್ತದೆ. ಬಿ.ಪಿ., ಕೊಲೆಸ್ಟ್ರಾಲಿನ ಗುಳಿಗೆಗಳಿಗೆ ಈ ಅನುಮಾನ ಅನ್ವಯಿಸುವುದಿಲ್ಲ, ಅವನ್ನು ಬಿಡಬೇಡಿ.

ಇದನ್ನು ಓದಿ ಯಾರೂ ಇವತ್ತೇ ಗುಳಿಗೆ ಎಸೆಯಬಾರದು. ಸ್ಟೆಂಟ್ ಇದ್ದವರು ಆಸ್ಪಿರಿನ್ ತಾವಾಗಿ ನಿಲ್ಲಿಸಿದರೆ ಸ್ಟೆಂಟಿನಲ್ಲೇ ಹೆಪ್ಪುಗಟ್ಟಿ ಜೀವಕ್ಕೆ ಕುತ್ತು ಬರಬಹುದು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಮುಂದಿನ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದವರು ಮುಂದಿನ ಸಲ ಹೋಗುವಾಗ ಹಳೆಯ ಫೈಲು, ಮಿರಜಿನದಿರಲಿ, ಕೊಲ್ಹಾಪುರದ್ದಿರಲಿ, ಜೊತೆಗೆ ಒಯ್ದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿ: ‘ಸಾಹೇಬ್ರ, ಇದನ್ನ ನನಗ ಯಾಕ ಬರದೀರಿ?’ ಆ ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ, ಕೇಳುವುದು ನಿಮ್ಮ ಹಕ್ಕು.